ತಾಳ್ಮೆಯ ಪೋಸ್ಟರಿಗೆ ಫ್ರಾಂಕ್ ಬೇಡ

ಅಪ್ರೈಸಲ್ ಮುಗಿದ ವಾರ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಒಂದು ಪೋಸ್ಟರ್ ಬಂತು. ಚರ್ಚಿನ ಆರ್ಗನ್ ಮುಂದೆ ಕೂತಿರುವ ಬಿಳಿ ಕೆನ್ನೆಗಡ್ಡದ ಮುದುಕ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಇವರು ಸೆಜಾರ್ ಫ್ರಾಂಕ್, ಇವರ ಸಿಂಫನಿಯನ್ನು ಜಗತ್ತು ಮೊದಲು ಕೇಳಿದಾಗ ಇವರಿಗೆ 66 ವರ್ಷ, ತಾಳ್ಮೆಯಿಂದ ಕೆಲಸ ಮಾಡ್ತಾ ಇರಿ, ನಿಮ್ಮ ಕಾಲವೂ ಬರುತ್ತೆ ಅನ್ನೋ ಅರ್ಥದ್ದು. ಕೆಳಗೆ ಹದಿನೇಳು ಜನ ಕೈಮುಗಿದಿದ್ದರು. ಅವರಲ್ಲಿ ಮೂವರಿಗೆ ಅದೇ ವಾರ 'ಇನ್ನೊಂದು ವರ್ಷ ನೋಡೋಣ' ಅಂತ ಹೇಳಿ ಕಳಿಸಿದ್ದರು. ಆ ಮೂವರಲ್ಲಿ ನಾನೂ ಒಬ್ಬ. ಹೌದು, ನಾನೂ ಕೈಮುಗಿದಿದ್ದೆ. ಬೆರಳಿನ ಅಭ್ಯಾಸ.

ಹೈಕ್ ಸಿಗದ ಸಿಟ್ಟನ್ನು ಪೋಸ್ಟರಿನ ಮೇಲೆ ತೀರಿಸಿಕೊಳ್ತಾ ಇದ್ದೀನಿ ಅಂತ ನೀವು ಅಂದುಕೊಂಡರೆ ತಪ್ಪೇನಿಲ್ಲ. ಆದರೆ ಅರ್ಧ ಸಿಟ್ಟು ಮಾತ್ರ ಅದು. ಉಳಿದರ್ಧ ಫ್ರಾಂಕ್ ಪರವಾಗಿ ಬಂದದ್ದು. ಐದಾರು ವರ್ಷದಿಂದ ಬೆಳಗಿನ ಕ್ಯಾಬಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನಾನು ಕೇಳ್ತಾ ಇರೋದು ಹೆಚ್ಚಾಗಿ ಈ ಮನುಷ್ಯನನ್ನೇ. ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೀನಿ. ಪೋಸ್ಟರಿನಲ್ಲಿರೋ ಅಂಕಿ ಸರಿ. 1889ರ ಫೆಬ್ರವರಿ 17ರಂದು, ಪ್ಯಾರಿಸ್ಸಿನ ಕನ್ಸರ್ವೇಟರಿಯಲ್ಲಿ, ಅವನ ಡಿ ಮೈನರ್ ಸಿಂಫನಿ ಮೊದಲ ಸಲ ನುಡಿಸಿದರು. ಆಗ ಅವನಿಗೆ 66. ಆದರೆ ಆ ಅಂಕಿಯಿಂದ ಪೋಸ್ಟರ್ ಹೇಳೋಕೆ ಹೊರಟಿರೋದು ಅಡಿಯಿಂದ ಮುಡಿಯವರೆಗೆ ಸುಳ್ಳು.

ಮೊದಲನೇದಾಗಿ ಆ ದಿನ ಗೆಲುವಿನ ದಿನವೇ ಅಲ್ಲ. ವಾದ್ಯಗಾರರಿಗೆ ಆ ಕೃತಿ ನುಡಿಸೋ ಮನಸ್ಸಿರಲಿಲ್ಲ. ಸಿಂಫನಿಯಲ್ಲಿ ಕೋರ್ ಆಂಗ್ಲೇ ಅನ್ನೋ ಊದುವ ವಾದ್ಯ ಬಳಸ್ತಾರೇನ್ರೀ ಅಂತ ಪಂಡಿತರು ಮುಖ ಸಿಂಡರಿಸಿದರು. ಗೂನೋ ಅದನ್ನು ಅಸಾಮರ್ಥ್ಯಕ್ಕೇ ಸಿದ್ಧಾಂತದ ಪಟ್ಟ ಕಟ್ಟಿದ ಹಾಗಿದೆ ಅಂತ ಜರಿದ ಅಂತಲೂ ಕತೆ ಇದೆ. ಪ್ಯಾರಿಸ್ಸಿನ ಸಭೆ ಫ್ರಾಂಕ್‌ಗೆ ನಿಜವಾಗಿ ಮನಸಾರೆ ಚಪ್ಪಾಳೆ ಹೊಡೆದದ್ದು ಅವನ ಸ್ಟ್ರಿಂಗ್ ಕ್ವಾರ್ಟೆಟ್‌ಗೆ, 1890ರ ಏಪ್ರಿಲ್ 19ರಂದು. ಅದೇ ವರ್ಷ ನವೆಂಬರ್ 8ಕ್ಕೆ ಅವನು ತೀರಿಕೊಂಡ. 'ನಿಮ್ಮ ಕಾಲ ಬರುತ್ತೆ' ಅಂತೀರಲ್ಲ, ಬಂದ ಕಾಲ ಏಳು ತಿಂಗಳೂ ಇರಲಿಲ್ಲ.

ಇನ್ನು 'ತಡವಾಗಿ ಅರಳಿದ' ಅನ್ನೋ ಮಾತು. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಫ್ರಾಂಕ್ ಹುಟ್ಟಿದ್ದು 1822ರ ಡಿಸೆಂಬರ್ 10ರಂದು, ಲಿಯೇಜ್ ಅನ್ನೋ ಊರಲ್ಲಿ. ಬೆಲ್ಜಿಯಂ ಅನ್ನೋ ದೇಶ ಹುಟ್ಟೋಕೆ ಇನ್ನೂ ಎಂಟು ವರ್ಷ ಇತ್ತು. ಅಪ್ಪ ನಿಕೊಲಾ-ಜೋಸೆಫ್ ಬ್ಯಾಂಕಿನಲ್ಲಿ ಗುಮಾಸ್ತ. ಮಗನಿಗೆ ಇಟ್ಟ ಹೆಸರು ಸೆಜಾರ್-ಆಗಸ್ಟ್. ಸೀಸರ್, ಅಗಸ್ಟಸ್, ಒಂದು ಕೂಸಿನ ತಲೆ ಮೇಲೆ ಎರಡು ಚಕ್ರವರ್ತಿಗಳು. ಲಿಸ್ಟ್, ಥಾಲ್‌ಬರ್ಗ್ ಥರದ ಪಿಯಾನೋ ವೀರರು ಊರೂರು ಸುತ್ತಿ ದುಡ್ಡು ಬಾಚ್ತಾ ಇದ್ದ ಕಾಲ ಅದು. ಗುಮಾಸ್ತನಿಗೆ ಲೆಕ್ಕ ಗೊತ್ತಿತ್ತು. ಎಂಟಕ್ಕೆ ಹುಡುಗನನ್ನು ಲಿಯೇಜಿನ ಸಂಗೀತ ಶಾಲೆಗೆ ಸೇರಿಸಿದ. 1834ರಲ್ಲಿ ಬೆಲ್ಜಿಯಂನ ರಾಜನ ಎದುರಿಗೇ ನುಡಿಸಿದ್ದಾಯ್ತು. ಮರುವರ್ಷ ಇಡೀ ಸಂಸಾರ ಪ್ಯಾರಿಸ್ಸಿಗೆ. ಅಲ್ಲಿನ ಕನ್ಸರ್ವೇಟರಿಗೆ ಸೇರಬೇಕಾದರೆ ಫ್ರೆಂಚ್ ಪೌರತ್ವ ಬೇಕು ಅಂದರು, ಅಪ್ಪ ಅದಕ್ಕೂ ಅರ್ಜಿ ಹಾಕಿದ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಮಗನೇ ಅವನ ಸ್ಟಾರ್ಟಪ್, ತಾನೇ ಫೌಂಡರು.

ಹುಡುಗ ಏನು ಕಮ್ಮಿ ಇರಲಿಲ್ಲ. 1838ರ ಪಿಯಾನೋ ಪರೀಕ್ಷೆಯಲ್ಲಿ ಯಾವತ್ತೂ ನೋಡದ ಸ್ವರಲಿಪಿಯನ್ನು ಎದುರಿಗಿಟ್ಟರು, ಓದಿ ನುಡಿಸು ಅಂತ. ಇವನು ಓದಿದ, ಆದರೆ ಶ್ರುತಿ ಇಳಿಸಿ, ಎಲ್ಲ ಸ್ವರಗಳನ್ನೂ ಎರಡು ಮೆಟ್ಟಿಲು ಕೆಳಗೆ ನುಡಿಸಿದ, ಅಲ್ಲೇ, ಆ ಕ್ಷಣಕ್ಕೇ. ಪರೀಕ್ಷಕರಿಗೆ ಏನು ಮಾಡಬೇಕೋ ಗೊತ್ತಾಗದೆ ಅದಕ್ಕಂತಲೇ ಒಂದು ವಿಶೇಷ ಬಹುಮಾನ ಸೃಷ್ಟಿಸಬೇಕಾಯ್ತು. 1841ರ ಆರ್ಗನ್ ಪರೀಕ್ಷೆ ಇನ್ನೂ ಚೆಂದ. ಕೊಟ್ಟ ಒಂದು ಧಾಟಿಯ ಮೇಲೆ ಫ್ಯೂಗ್, ಇನ್ನೊಂದು ಧಾಟಿಯ ಮೇಲೆ ಬೇರೊಂದು ರಚನೆ, ಎರಡನ್ನೂ ಕೂತಲ್ಲೇ ಕಟ್ಟಿ ನುಡಿಸಬೇಕು. ನಮ್ಮಲ್ಲಿ ಮನೋಧರ್ಮ ಅಂತೀವಲ್ಲ, ಅದು. ಎರಡು ಧಾಟಿಗಳೂ ಒಂದರೊಳಗೊಂದು ಕೂಡುತ್ತವೆ ಅಂತ ಇವನಿಗೆ ಹೊಳೀತು, ಕೂಡಿಸಿಯೇ ನುಡಿಸಿಬಿಟ್ಟ. ನಿಯಮದಲ್ಲಿ ಹಾಗಿರಲಿಲ್ಲ. ಎರಡನೇ ಬಹುಮಾನ ಕೊಟ್ಟು ಕಳಿಸಿದರು. ವಯಸ್ಸು ಹದಿನೆಂಟು.

ಮಾರನೇ ವರ್ಷ ಅಪ್ಪನೇ ಕನ್ಸರ್ವೇಟರಿಯಿಂದ ಮಗನನ್ನು ಬಿಡಿಸಿಕೊಂಡು ಹೋದ. ಆ ಕಾಲದ ಫ್ರಾನ್ಸಿನಲ್ಲಿ ಸಂಗೀತ ರಚಿಸೋನು ಮೇಲೆ ಬರೋ ರಾಜಮಾರ್ಗ ಅಂದರೆ ರೋಮ್ ಪ್ರಶಸ್ತಿ, ಅದಕ್ಕೆ ಹೋಗೋ ದಾರಿಯೇ ಮುಚ್ಚಿತು. ಮತ್ತೆ ಕಚೇರಿ, ಮತ್ತೆ ಪಾಠ, ಮತ್ತೆ ಜನ ಮೆಚ್ಚುವ ಪಿಯಾನೋ ಚಮತ್ಕಾರಗಳು. ಓಡಲಿಲ್ಲ. 1846ರ ಜನವರಿಯಲ್ಲಿ 'ರೂತ್' ಅನ್ನೋ ದೊಡ್ಡ ಕೃತಿ ಪ್ಯಾರಿಸ್ಸಿನಲ್ಲಿ ಸಪ್ಪೆಯಾಗಿ ಮುಗೀತು.

ಅದೇ ವರ್ಷ ಒಂದು ಹಾಡು ಬರೆದು ತನ್ನ ಶಿಷ್ಯೆ ಫೆಲಿಸಿತೆಗೆ ಅರ್ಪಿಸಿದ. ನಟ-ನಟಿಯರ ಮನೆತನದ ಹುಡುಗಿ, ಇಬ್ಬರ ನಡುವೆ ಪ್ರೀತಿ. ಅಪ್ಪನ ಕಣ್ಣಿಗೆ ಆ ಹಾಳೆ ಬಿತ್ತು, ಮಗನ ಎದುರಿಗೇ ಹರಿದು ಹಾಕಿದ. ಮಗ ನೆಟ್ಟಗೆ ಹುಡುಗಿಯ ಮನೆಗೆ ಹೋಗಿ, ಪೂರ್ತಿ ಹಾಡನ್ನು ನೆನಪಿನಿಂದ ಮತ್ತೆ ಬರೆದುಕೊಟ್ಟ. ಆಮೇಲೆ ಒಂದು ಭಾನುವಾರ ಕೈಲಿ ಹಿಡಿಸಿದಷ್ಟು ಸಾಮಾನು ತಗೊಂಡು ಅಪ್ಪನ ಮನೆಯಿಂದ ಹೊರಬಿದ್ದ. ಅಲ್ಲಿಂದ ಮುಂದೆ ಆಗಸ್ಟ್ ಬಿಟ್ಟು ಬರೀ ಸೆಜಾರ್ ಫ್ರಾಂಕ್. 1848ರ ಫೆಬ್ರವರಿ 22ರಂದು ಮದುವೆ. ಅವತ್ತೇ ಪ್ಯಾರಿಸ್ಸಿನಲ್ಲಿ ಕ್ರಾಂತಿ ಶುರುವಾಗಿತ್ತು. ಬೀದಿಗೆ ಅಡ್ಡ ಕಟ್ಟಿದ್ದ ಬ್ಯಾರಿಕೇಡಿನ ರಾಶಿಯನ್ನು ದಾಟಲು ವಧೂವರರಿಗೆ ದಂಗೆಕೋರರೇ ಕೈಕೊಟ್ಟರಂತೆ.

ಈ ಮನುಷ್ಯನನ್ನಾ ಸ್ವಾಮಿ ನೀವು 'ತಾಳ್ಮೆ' ಅಂತ ಪೋಸ್ಟರ್ ಮಾಡಿರೋದು?

ಮನೆ ಬಿಟ್ಟ ಮೇಲೆ ಹೊಟ್ಟೆಪಾಡು. ಚರ್ಚುಗಳಲ್ಲಿ ಆರ್ಗನ್ ಕೆಲಸ, ಶಾಲೆಗಳಲ್ಲಿ ಪಾಠ, ಮನೆಮನೆಗೆ ಹೋಗಿ ಪಾಠ. 1858ರಲ್ಲಿ ಸ್ಯಾಂತ್ ಕ್ಲೊತಿಲ್ದ್ ಚರ್ಚಿಗೆ ಸೇರಿದ. 1859ರ ಡಿಸೆಂಬರಿನಲ್ಲಿ ಅಲ್ಲಿ ಕಾವಾಯೆ-ಕೋಲ್ ಕಟ್ಟಿದ ಹೊಸ ಆರ್ಗನ್ ಉದ್ಘಾಟನೆ ಆಯ್ತು. ಚರ್ಚಿನ ಆರ್ಗನ್ ಅಂದರೆ ನಮ್ಮ ಹಾರ್ಮೋನಿಯಂನ ಅಣ್ಣ ಅಂದುಕೊಳ್ಳಬೇಡಿ. ಕೈಗೆ ಮೂರು ಕೀಬೋರ್ಡು, ಕಾಲಿಗೆ ಇನ್ನೊಂದು, ಗೋಡೆಯೆತ್ತರದ ಕೊಳವೆಗಳು, ಗಾಳಿ ತುಂಬೋಕೆ ತಿದಿ ಒತ್ತುವ ಆಳುಗಳು. ಸಾಯೋವರೆಗೂ, ಮೂವತ್ತು ವರ್ಷಕ್ಕೂ ಹೆಚ್ಚು, ಅವನ ಜಾಗ ಆ ಪೀಠವೇ. ಅಲ್ಲಿ ಕೂತ ಮೊದಲ ಮೂರು ನಾಲ್ಕು ವರ್ಷದಲ್ಲೇ ಆರ್ಗನ್‌ಗೆ ಆರು ಕೃತಿಗಳನ್ನು ಬರೆದ. ಅದರಲ್ಲೊಂದು ಹೆಚ್ಚುಕಡಿಮೆ ಸಿಂಫನಿಯಷ್ಟೇ ದೊಡ್ಡದು. 1866ರಲ್ಲಿ ಲಿಸ್ಟ್ ಆ ಚರ್ಚಿಗೆ ಬಂದು ಕೇಳಿದ, ಇವನನ್ನು ಬಾಖ್ ಪಕ್ಕದಲ್ಲಿ ನಿಲ್ಲಿಸಿ ಹೊಗಳಿದ. ಆರ್ಗನ್ ನುಡಿಸುವವರು ಇವತ್ತಿಗೂ ಆ ಆರು ಕೃತಿಗಳನ್ನು ಬಿಟ್ಟು ಮುಂದೆ ಹೋಗಲ್ಲ. ಬರೆದಾಗ ಅವನಿಗೆ ನಲವತ್ತರ ಆಸುಪಾಸು. ಎಲ್ಲಿ ತಡವಾಯ್ತು ಹೇಳಿ?

ತಡವಾದದ್ದು ಬೇರೆ, ಅದರ ಲೆಕ್ಕ ಅವನ ದಿನಚರಿಯಲ್ಲಿದೆ. ಬೆಳಗ್ಗೆ ಐದೂವರೆಗೆ ಏಳ್ತಿದ್ದ. ಏಳೂವರೆವರೆಗೆ, ಎರಡು ಗಂಟೆ, ಅವನ ಸ್ವಂತ ಕೆಲಸ. ಆಮೇಲೆ ತಿಂಡಿ, ಅಲ್ಲಿಂದ ಸಂಜೆವರೆಗೂ ಪ್ಯಾರಿಸ್ಸಿನ ಈ ಮೂಲೆಯಿಂದ ಆ ಮೂಲೆಗೆ ಪಾಠಕ್ಕಾಗಿ ಅಲೆದಾಟ. ದೊಡ್ಡ ಕೃತಿಗಳ ಮೇಲೆ ಕೂರೋಕೆ ಬೇಸಿಗೆ ರಜೆಯೇ ಬರಬೇಕಿತ್ತು. ಈ ವಿವರವನ್ನು ಬರೆದಿಟ್ಟವನು ಶಿಷ್ಯ ವ್ಯಾಂಸಾಂ ದಾಂದಿ. ಅವನು ಇದನ್ನು ಭಕ್ತಿಯಿಂದ ಬರೆದ, ಗುರುಗಳ ತಪಸ್ಸು ನೋಡಿ ಅಂತ. ನನಗೆ ಓದುವಾಗ ತಪಸ್ಸು ಕಾಣಲಿಲ್ಲ, ಬಾಡಿಗೆ ಕಂಡಿತು. ಸಂಸಾರ ಇರೋನು ಬೆಳಗಿನ ಎರಡು ಗಂಟೆಯನ್ನು ಹೇಗೋ ಕಾಪಾಡಿಕೊಂಡಿದ್ದಾನೆ. ವಾರಕ್ಕೆ ಹನ್ನೆರಡೋ ಹದಿನಾಲ್ಕೋ ಗಂಟೆ. ಅಷ್ಟರಲ್ಲಿ ಒಬ್ಬ ಮನುಷ್ಯ ಸಿಂಫನಿ ಬರೆಯೋಕೆ ಎಷ್ಟು ವರ್ಷ ತಗೋತಾನೆ ಅಂತ ನೀವೇ ಅಂದಾಜು ಮಾಡಿ. ಇದನ್ನು ತಾಳ್ಮೆ ಅಂತ ಕರೆಯೋದು, ನಾಲ್ಕು ಜನ ಮಾಡೋ ಕೆಲಸ ಒಬ್ಬನ ಮೇಲೆ ಹೇರಿ 'ಎಷ್ಟು ಡೆಡಿಕೇಟೆಡ್ ಅಲ್ವಾ' ಅಂತ ಟೌನ್‌ಹಾಲ್ ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿಸಿದ ಹಾಗೆ.

ಹಾಗಾದರೆ ಐವತ್ತರ ಆಚೆ ಏನು ಬದಲಾಯ್ತು? ತಾಳ್ಮೆಯ ಪೋಸ್ಟರುಗಳು ಯಾವತ್ತೂ ಹೇಳದ ವಿಷಯ ಇಲ್ಲಿದೆ. 1871ರಲ್ಲಿ, ಪ್ರಷ್ಯದ ಎದುರು ಯುದ್ಧ ಸೋತು ಫ್ರಾನ್ಸ್ ಅವಮಾನದಲ್ಲಿದ್ದಾಗ, ಪ್ಯಾರಿಸ್ಸಿನ ಸಂಗೀತಗಾರರು ಸೇರಿ ಸೊಸಿಯೆತೆ ನಾಸಿಯೊನಾಲ್ ಅನ್ನೋ ಸಂಘ ಕಟ್ಟಿದರು. ಅಲ್ಲಿವರೆಗೆ ಆ ಊರಿನಲ್ಲಿ ದುಡ್ಡು, ಹೆಸರು ಎಲ್ಲ ಒಪೆರಾಕ್ಕೆ. ಬದುಕಿರೋ ಫ್ರೆಂಚ್ ರಚನಕಾರನ ಕ್ವಾರ್ಟೆಟ್ಟೋ ಸೊನಾಟಾವೋ ಕೇಳೋಕೆ ಜಾಗವೇ ಕಮ್ಮಿ. ಸಂಘ ಅದಕ್ಕೊಂದು ವೇದಿಕೆ ಕೊಟ್ಟಿತು. ಫ್ರಾಂಕ್ ಶುರುವಿನಿಂದಲೂ ಅದರಲ್ಲಿದ್ದ. 1872ರಲ್ಲಿ ಕನ್ಸರ್ವೇಟರಿಯ ಆರ್ಗನ್ ಪ್ರೊಫೆಸರ್ ಹುದ್ದೆ ಸಿಕ್ಕಿತು. (ಮೂವತ್ತೇಳು ವರ್ಷ ಪ್ಯಾರಿಸ್ಸಿಗೆ ಅಂಟಿಕೊಂಡಿದ್ದವನು ಕಾಗದದ ಮೇಲೆ ಇನ್ನೂ ಫ್ರೆಂಚನಲ್ಲ ಅಂತ ಆಗ ಗೊತ್ತಾಗಿ, 1873ರಲ್ಲಿ ಮತ್ತೆ ಪೌರತ್ವ ಮಾಡಿಸಬೇಕಾಯ್ತು. ಎಚ್ಆರ್ ಡಾಕ್ಯುಮೆಂಟು ಕೇಳೋದು ಅನಾದಿ ಕಾಲದ ರೋಗ.) ಆ ಹುದ್ದೆಯ ಜೊತೆಗೆ ಬಂದವರು ಹುಡುಗರು. ಹೆಸರಿಗೆ ಆರ್ಗನ್ ಕ್ಲಾಸು, ಒಳಗೆ ನಡೀತಿದ್ದದ್ದು ಸಂಗೀತ ರಚನೆಯ ಪಾಠ. ದಾಂದಿ, ಷೋಸೋನ್, ಆಮೇಲೆ ವಿಯೆರ್ನ್, ತೂರ್ನಮೀರ್. ಇವರು ಗುರುವಿನ ಕೃತಿಗಳನ್ನು ನುಡಿಸೋಕೆ, ಜಗಳ ಆಡೋಕೆ, ಕಚೇರಿ ಏರ್ಪಾಡು ಮಾಡೋಕೆ ಸಿದ್ಧ ಇದ್ದರು.

ಒಂದು ವೇದಿಕೆ, ಒಂದು ಗಟ್ಟಿ ಸಂಬಳ, ಕೇಳೋ ಕಿವಿ ಇರೋ ಒಂದಷ್ಟು ಹುಡುಗರು. ಇಷ್ಟು ಸಿಕ್ಕಿದ ಮೇಲೆ ನೋಡಿ: 1879ರಲ್ಲಿ ಪಿಯಾನೋ ಕ್ವಿಂಟೆಟ್, 1884ರಲ್ಲಿ ಪಿಯಾನೋದ ಪ್ರೆಲ್ಯೂಡ್-ಕೋರಲ್-ಫ್ಯೂಗ್, 1885ರಲ್ಲಿ ಸಿಂಫೋನಿಕ್ ವೇರಿಯೇಶನ್ಸ್, 1886ರಲ್ಲಿ ವಯಲಿನ್ ಸೊನಾಟಾ, 1888ಕ್ಕೆ ಸಿಂಫನಿ ಮುಗೀತು, 1890ಕ್ಕೆ ಕ್ವಾರ್ಟೆಟ್. ಇದೇ ಸೌಕರ್ಯ 1846ರಲ್ಲಿ ಸಿಕ್ಕಿದ್ದರೆ? ಅಂತ ಕೇಳಿದರೆ 'ಕಷ್ಟ ಪಟ್ಟಿದ್ದಕ್ಕೇ ಅಲ್ವಾ ಸಂಗೀತ ಅಷ್ಟು ಆಳವಾಗಿದ್ದು' ಅಂತಾರೆ. ಹೇಳೋರು ಸಾಮಾನ್ಯವಾಗಿ ಕಷ್ಟ ಕೊಡೋ ಜಾಗದಲ್ಲಿ ಕೂತಿರುವವರು.

ಇನ್ನೊಂದು ಪೋಸ್ಟರನ್ನೂ ಹರಿಯಬೇಕು, ಅದು ಇದಕ್ಕಿಂತ ಹಳೇದು. 1906ರಲ್ಲಿ ದಾಂದಿ ಗುರುವಿನ ಜೀವನಚರಿತ್ರೆ ಪ್ರಕಟಿಸಿದ. ಅದರಲ್ಲಿ ಫ್ರಾಂಕ್ ಸಾಕ್ಷಾತ್ ಸಂತ. ಲೋಕದ ಗೊಡವೆ ಇಲ್ಲ, ಹೆಸರಿನ ಆಸೆ ಇಲ್ಲ, ಸೋತರೂ ನಗುಮುಖ. ನೂರು ವರ್ಷ ಜಗತ್ತು ಇದನ್ನೇ ನಂಬಿತು. ಆದರೆ ಆಸೆ ಇಲ್ಲದ ಮನುಷ್ಯ ಅರವತ್ತರ ಆಸುಪಾಸಿನಲ್ಲಿ 'ಉಲ್ಡಾ' ಅನ್ನೋ ಒಪೆರಾ ಬರೆಯೋಕೆ ವರ್ಷಗಟ್ಟಲೆ ಕೂರಲ್ಲ. ಹತ್ತು ವರ್ಷ ತಗೊಂಡು ಮುಗಿಸಿದ 'ಬೆಆತಿತ್ಯೂದ್' ಅನ್ನೋ ಬೃಹತ್ ಕೃತಿಯನ್ನು 1879ರಲ್ಲಿ ತನ್ನ ಮನೆಯಲ್ಲೇ ಶಿಷ್ಯರಿಂದ ಹಾಡಿಸಿ, ಅದಕ್ಕೆ ಮಂತ್ರಿಯನ್ನೂ ದೊಡ್ಡವರನ್ನೂ ಕರೆಯಲ್ಲ. ಕರೆದಿದ್ದ. ಮಂತ್ರಿ ಬರಲಿಲ್ಲ. ಕನ್ಸರ್ವೇಟರಿಯಲ್ಲಿ ರಚನೆಯ ಪ್ರೊಫೆಸರ್ ಆಗೋ ಅವಕಾಶ ಬಂದಾಗ ಅದು ಲಿಯೋ ದೆಲೀಬ್ ಪಾಲಾಯ್ತು. 1885ರಲ್ಲಿ ಸರ್ಕಾರ ಲೀಜನ್ ಆಫ್ ಆನರ್ ಕೊಟ್ಟಿತು, ಕೊಟ್ಟದ್ದು ಆರ್ಗನ್ ಮೇಷ್ಟ್ರಿಗೆ. ರಚನಕಾರ ಅನ್ನೋ ಪದ ಅಲ್ಲಿರಲಿಲ್ಲ.

ಕ್ವಿಂಟೆಟ್ ಕೇಳಿದವರಿಗೆ ಸಂತನ ಕತೆ ನಂಬೋಕೆ ಆಗಲ್ಲ. ಅಷ್ಟು ಉರಿ ಇದೆ ಅದರಲ್ಲಿ. 1880ರ ಜನವರಿಯ ಮೊದಲ ಪ್ರದರ್ಶನದಲ್ಲಿ ಪಿಯಾನೋ ನುಡಿಸಿದ್ದು ಕಮೀಲ್ ಸ್ಯಾಂ-ಸಾನ್ಸ್, ಕೃತಿ ಅರ್ಪಿತವಾಗಿದ್ದೂ ಅವನಿಗೇ. ಮುಗಿದ ಮೇಲೆ ಫ್ರಾಂಕ್ ಖುಷಿಯಿಂದ ಹಸ್ತಪ್ರತಿ ಕೊಡೋಕೆ ಬಂದರೆ ಅವನು ಅದನ್ನು ಪಿಯಾನೋ ಮೇಲೇ ಬಿಟ್ಟು ಎದ್ದು ನಡೆದನಂತೆ. ಸಂತನನ್ನಾಗಿ ಮಾಡೋದರಲ್ಲಿ ಒಂದು ಅನುಕೂಲ ಇದೆ ನೋಡಿ. ಸಂತನಿಗೆ ಅವಮಾನ ಆಗಲ್ಲ, ಸಂತನಿಗೆ ಸಂಬಳ ಕಮ್ಮಿ ಆದರೂ ನಡೆಯುತ್ತೆ, ಅವನ ಪಾಲಿನದ್ದನ್ನು ಕೊಡದೇ ಹೋದವರು ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ಸಿಂಫನಿ ಸೋತ ದಿನ ಮನೆಗೆ ಬಂದು, ನಾನು ಅಂದುಕೊಂಡ ಹಾಗೇ ಕೇಳಿಸಿತು ಅಂದನಂತೆ. ಇದನ್ನೂ ಸಂತನ ಮಾತು ಅಂತ ಹೇಳ್ತಾ ಬಂದಿದ್ದಾರೆ. ನನಗಂತೂ ಅದು ಕೆಲಸ ಗೊತ್ತಿರೋ ಕಸುಬುದಾರನ ಮಾತು. ಕೋಡ್ ಬರೆದೋನು ಅದು ಓಡಿದ್ದು ನೋಡಿ ಅನ್ನೋ ಮಾತು. ಕ್ಲೈಂಟ್ ಮೆಚ್ಚಿದನೋ ಇಲ್ಲವೋ ಅನ್ನೋದು ಆಮೇಲಿನ ವಿಷಯ.

ಇಷ್ಟೆಲ್ಲ ಹೇಳಿ, 'ಅದಕ್ಕೇ ಕೆಲಸ ಬಿಟ್ಟು ನಿಮ್ಮ ಪ್ಯಾಶನ್ ಹಿಂದೆ ಹೋಗಿ' ಅಂತ ನಾನು ಹೇಳ್ತೀನಿ ಅಂದುಕೊಂಡಿದ್ದರೆ ನಿರಾಸೆ ಆಗುತ್ತೆ. ಆ ಗುಂಪಿನವರಿಗೂ ಫ್ರಾಂಕ್ ಸಿಗಲ್ಲ. ಅವನು ಒಂದು ದಿನವೂ ಕೆಲಸ ಬಿಡಲಿಲ್ಲ. ಅಷ್ಟೇ ಅಲ್ಲ, ಅವನ ಸಂಗೀತದ ತುಂಬ ಆ ಕೆಲಸ ಇದೆ. ಸಿಂಫನಿ ಕೇಳಿ: ವಾದ್ಯಗಳ ಗುಂಪು ಥಟ್ಟನೆ ನಿಲ್ಲುತ್ತೆ, ಒಂದು ಕ್ಷಣ ಮೌನ, ಇನ್ನೊಂದು ಬಣ್ಣದಲ್ಲಿ ಮತ್ತೆ ಶುರು. ಆರ್ಗನ್ನಿನಲ್ಲಿ ಒಂದು ಸಾಲು ಕೊಳವೆ ಮುಚ್ಚಿ ಇನ್ನೊಂದು ತೆರೆದ ಹಾಗೆ. ಹಾಗಾಗಿ ಅವನ ಎರಡು ಕೆಲಸಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಆರ್ಗನ್ ಪೀಠ ಅವನಿಗೆ ಕಲಿಸಿತು. ಭಾನುವಾರ ಪ್ರಾರ್ಥನೆಯ ನಡುವೆ ಕೂತಲ್ಲೇ ಕಟ್ಟಿ ನುಡಿಸುತ್ತಿದ್ದ ಸಂಗೀತ ಯಾವ ಹಾಳೆಯ ಮೇಲೂ ಉಳಿಯಲಿಲ್ಲ, ಆದರೆ ಅದರ ಅಭ್ಯಾಸ ಕೈಯಲ್ಲಿ ಉಳಿಯಿತು. ಮನೆಮನೆಯ ಪಿಯಾನೋ ಪಾಠ ಬಾಡಿಗೆ ಕಟ್ಟಿತು, ಅಷ್ಟೇ. ನಮ್ಮ ಕೆಲಸದಲ್ಲೂ ಆರ್ಗನ್ ಎಷ್ಟು, ಪಿಯಾನೋ ಪಾಠ ಎಷ್ಟು ಅಂತ ಅಪ್ರೈಸಲ್ ಫಾರ್ಮಿನಲ್ಲಿ ಯಾರೂ ಕೇಳಲ್ಲ.

ಫ್ರಾಂಕ್ ಕೇಳಬೇಕು ಅನಿಸಿದವರು ವಯಲಿನ್ ಸೊನಾಟಾದಿಂದ ಶುರು ಮಾಡಿ, ಅರ್ಧ ಗಂಟೆಗಿಂತ ಕಮ್ಮಿ. 1886ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಂನ ಯೂಜೆನ್ ಇಸಾಯಿ ಅನ್ನೋ ವಯಲಿನ್‌ಗಾರನ ಮದುವೆಗೆ ಉಡುಗೊರೆಯಾಗಿ ಬರೆದುಕೊಟ್ಟದ್ದು. ಡಿಸೆಂಬರಿನಲ್ಲಿ ಬ್ರಸೆಲ್ಸ್‌ನ ಚಿತ್ರ ಸಂಗ್ರಹಾಲಯದಲ್ಲಿ ಮೊದಲ ಕಚೇರಿ. ಚಿತ್ರಗಳಿಗೆ ಅಪಾಯ ಅಂತ ದೀಪ ಹಚ್ಚೋ ಹಾಗಿಲ್ಲ. ಚಳಿಗಾಲದ ಸಂಜೆ, ಕತ್ತಲಾಗಿ ಹಾಳೆ ಕಾಣದಾಯ್ತು, ಇಬ್ಬರೂ ನೆನಪಿನಿಂದಲೇ ಮುಗಿಸಿದರು. ಕೊನೇ ಭಾಗದಲ್ಲಿ ಪಿಯಾನೋ ಒಂದು ಧಾಟಿ ಹೇಳುತ್ತೆ, ವಯಲಿನ್ ಒಂದು ಹೆಜ್ಜೆ ಹಿಂದಿನಿಂದ ಅದನ್ನೇ ಹೇಳ್ತಾ ಬರುತ್ತೆ. ಹದಿನೆಂಟರ ಹುಡುಗ ಪರೀಕ್ಷೆಯಲ್ಲಿ ಎರಡು ಧಾಟಿ ಕೂಡಿಸಿದ್ದ ನೋಡಿ, ಅದೇ ಕೈ. ನಲವತ್ತೈದು ವರ್ಷ ಆದ ಮೇಲೆ. ನಾನು ಇದನ್ನು ಕೇಳೋದು ಸಿಗ್ನಲ್ಲಿನಲ್ಲಿ ನಿಂತ ಕ್ಯಾಬಿನಲ್ಲಿ. ನನ್ನ ಬೆಳಗಿನ ಎರಡು ಗಂಟೆ ಹೋಗೋದು ಅಲ್ಲೇ. ಒಂದು ಕಾಲದಲ್ಲಿ ಆ ಹೊತ್ತಿನಲ್ಲಿ ಕತೆ ಬರೀತಿದ್ದೆ.

1890ರಲ್ಲಿ ಫ್ರಾಂಕ್ ಕೂತಿದ್ದ ಗಾಡಿಗೆ ಕುದುರೆ ಎಳೆಯುವ ಆಮ್ನಿಬಸ್ ಗುದ್ದಿತು. ಏಟು ಬಿತ್ತು, ಆರೋಗ್ಯ ಸರಿಹೋಗಲೇ ಇಲ್ಲ. ಆ ಬೇಸಿಗೆಯಲ್ಲಿ ನೆಮೂರ್ ಅನ್ನೋ ಊರಲ್ಲಿ ಇದ್ದುಕೊಂಡು ಆರ್ಗನ್‌ಗೆ ಮೂರು ಕೋರಲ್ ಬರೆದ, ಅವೇ ಕೊನೆಯ ದೊಡ್ಡ ಕೃತಿಗಳು. ಅಕ್ಟೋಬರಿನಲ್ಲಿ ಕನ್ಸರ್ವೇಟರಿ ತೆರೀತು, ಕ್ಲಾಸು ತಗೋಬೇಕು ಅಂತ ಪ್ಯಾರಿಸ್ಸಿಗೆ ವಾಪಸ್ ಬಂದ. ಶೀತ ಹಿಡೀತು, ಎದೆಗಿಳೀತು, ನವೆಂಬರಿನಲ್ಲಿ ಹೋದ.

ಗ್ರೂಪಿನಿಂದ ನನ್ನ ಕೈಮುಗಿದ ಇಮೋಜಿ ತೆಗೆದಿದ್ದೀನಿ. ಮ್ಯಾನೇಜರಿಗೆ ಬೇರೆ ಒಂದು ಮೇಲ್ ಹಾಕಿದ್ದೀನಿ: ಹೈಕ್ ವಿಷಯ ಮುಂದಿನ ವರ್ಷವೇ ನೋಡೋಣ, ಸದ್ಯಕ್ಕೆ ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಮಾಡೋಕೆ ಬಿಡಿ ಅಂತ. ಉತ್ತರ ಇನ್ನೂ ಬಂದಿಲ್ಲ.